ಕನ್ನಡಕ ಕಳಚುವ ಮುನ್ನ
ಲೇಸರ್ ಶಸ್ತ್ರಚಿಕಿತ್ಸೆ: ಅಳೆದು ನೋಡಿ ನಿರ್ಧರಿಸಬೇಕಾದ ವಿಷಯ

ಕನ್ನಡಕವಿಲ್ಲದ ಮನೆಯನ್ನು ಇಂದು ಹುಡುಕುವುದು ಕಷ್ಟ. ಹಿಂದೆ ಚಾಳೀಸು ಎಂಬುದು ನಲವತ್ತು ದಾಟಿದ ಹಿರಿಯರ ಮೂಗಿನ ಮೇಲಿನ ವಸ್ತುವಾಗಿತ್ತು. ಈಗ ನಾಲ್ಕನೆಯ ತರಗತಿಯ ಮಗುವೂ ಕನ್ನಡಕ ಧರಿಸಿ ಶಾಲೆಗೆ ಹೋಗುತ್ತದೆ. ಆ ಮಗು ಬೆಳೆದು ಓದು ಮುಗಿಸಿ ಕೆಲಸ ಹಿಡಿಯುವ ಹೊತ್ತಿಗೆ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ನಮ್ಮ ಸಮಾಜ ಬಾಂಧವರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಲೇಸರ್ ಮಾಡಿಸಿ ಕನ್ನಡಕ ತೆಗೆಸಿಬಿಡೋಣವೇ?

ಈ ಪ್ರಶ್ನೆಯನ್ನು ಹೊತ್ತು ನಮ್ಮಲ್ಲಿಗೆ ಬರುವ ತಾಯಿತಂದೆಗಳು ಹಲವರಿದ್ದಾರೆ. ನಾವು ವೈದ್ಯರಲ್ಲ. ಕಣ್ಣನ್ನು ಪರೀಕ್ಷಿಸಿ ಹೇಳಬೇಕಾದವರು ನೇತ್ರತಜ್ಞರೇ. ಆದರೆ ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕು, ಯಾವ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಮನೆಯವರು ಮೊದಲೇ ಅರಿತಿದ್ದರೆ ಒಳಿತು. ಆ ಉದ್ದೇಶದಿಂದ, ಬಲ್ಲವರಿಂದ ಕೇಳಿ, ಓದಿ ಗ್ರಹಿಸಿದುದನ್ನು ಇಲ್ಲಿ ಬಾಂಧವರ ಮುಂದಿಡುತ್ತಿದ್ದೇವೆ.

ಅನಿವಾರ್ಯವೋ, ಐಚ್ಛಿಕವೋ?

ಬಸವೇಶ್ವರನಗರದ ಬಳಿ ಮೋದಿ ಆಸ್ಪತ್ರೆ ರಸ್ತೆಯಲ್ಲಿ ಓಡಾಡದ ಬಾಂಧವರು ವಿರಳ. ಬಾಗಲಕೋಟೆ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಹಳ್ಳಿ ಹಳ್ಳಿಗೆ ಹೋಗಿ, ಉಚಿತ ಶಿಬಿರಗಳನ್ನು ನಡೆಸಿ, ಕಣ್ಣಿನ ಪೊರೆಯಿಂದ ಕುರುಡಾಗಿದ್ದ ಅಸಂಖ್ಯ ಬಡವರಿಗೆ ಬೆಳಕು ಕೊಟ್ಟ ಮಹನೀಯರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 2005ರಲ್ಲಿ ಅವರು ಲಿಂಗೈಕ್ಯರಾದರು. ಅವರ ಮುಂದೆ ಸಾಲುಗಟ್ಟಿ ಕುಳಿತವರಿಗೆ ಬೇರೆ ದಾರಿಯಿರಲಿಲ್ಲ. ಶಸ್ತ್ರಚಿಕಿತ್ಸೆಯಾದರೆ ನೋಟ, ಇಲ್ಲವಾದರೆ ಕತ್ತಲೆ.

ಕನ್ನಡಕ ತೆಗೆಸುವ ಲೇಸರ್ ಚಿಕಿತ್ಸೆಯ ಸ್ಥಿತಿ ಇದಲ್ಲ. ಇಲ್ಲಿ ಚಿಕಿತ್ಸೆಗೆ ಒಳಗಾಗುವುದು ರೋಗಗ್ರಸ್ತವಾದ ಕಣ್ಣಲ್ಲ. ಕನ್ನಡಕವಿಟ್ಟರೆ ಸ್ಪಷ್ಟವಾಗಿ ಕಾಣುವ, ಆರೋಗ್ಯವಾಗಿರುವ ಕಣ್ಣು. ಮಾಡಿಸದಿದ್ದರೆ ನಷ್ಟವೇನೂ ಇಲ್ಲ, ಕನ್ನಡಕ ಮುಂದುವರಿಯುತ್ತದೆ, ಅಷ್ಟೇ. ಮೊದಲನೆಯದು ಅನಿವಾರ್ಯ, ಎರಡನೆಯದು ಐಚ್ಛಿಕ. ಐಚ್ಛಿಕವಾದುದಕ್ಕೆ ಅವಸರ ಸಲ್ಲದು. ಆರೋಗ್ಯವಾದ ಕಣ್ಣಿಗೆ ಕೈಹಾಕುವಾಗ ಪರೀಕ್ಷೆ ಇಮ್ಮಡಿ ಕಟ್ಟುನಿಟ್ಟಾಗಿರಬೇಕು. ಈ ಲೇಖನದ ಸಾರವೆಲ್ಲ ಈ ಮಾತಿನಲ್ಲಿಯೇ ಇದೆ.

ಲೇಸರ್ ಮಾಡುವುದೇನು?

ಕಣ್ಣಿನ ಮುಂಭಾಗದಲ್ಲಿ, ಕರಿಗುಡ್ಡೆಯ ಮೇಲೆ, ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಬೆಳಕು ಇದರ ಮೂಲಕ ಬಾಗಿ ಒಳಹೋಗಿ, ಹಿಂಭಾಗದ ಅಕ್ಷಿಪಟಲದ ಮೇಲೆ ಬಿಂಬವಾಗಬೇಕು. ವಯಸ್ಕರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರು. ಅದು ಬೆಳೆಯುವಾಗ ಒಂದೆರಡು ಮಿಲಿಮೀಟರು ಹೆಚ್ಚು ಉದ್ದವಾದರೆ ಬಿಂಬವು ಅಕ್ಷಿಪಟಲದ ಮುಂದೆಯೇ ಬಿದ್ದು ದೂರದ್ದು ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ, ಅಂದರೆ ಮೈನಸ್ ನಂಬರು. ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆ ಮಾಡಿದರೆ ಬಿಂಬವು ಹಿಂದಕ್ಕೆ ಸರಿದು ತನ್ನ ಸ್ಥಾನದಲ್ಲಿ ಬೀಳುತ್ತದೆ. ಲೇಸರ್ ಮಾಡುವ ಕೆಲಸ ಇಷ್ಟೇ.

ಈ ವಿದ್ಯೆಯ ಮೂಲದಲ್ಲಿ ಭಾರತೀಯ ಮೂಲದವರೊಬ್ಬರಿದ್ದಾರೆ ಎಂಬುದು ಸಂತೋಷದ ಸಂಗತಿ. ಮದ್ರಾಸಿನಲ್ಲಿ ಓದಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು, ಎಕ್ಸೈಮರ್ ಎಂಬ ನೇರಳಾತೀತ ಲೇಸರ್ ಕಿರಣವು ಜೀವಕೋಶಗಳನ್ನು ಸುಡದೆ ಪದರಪದರವಾಗಿ ತೆಗೆಯಬಲ್ಲದು ಎಂಬುದನ್ನು 1981ರಲ್ಲಿ ಕಂಡುಕೊಂಡರು. ನೇತ್ರವೈದ್ಯರು ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿದರು. 1990ರ ದಶಕದಲ್ಲಿ ಈ ಚಿಕಿತ್ಸೆ ಲೋಕದಲ್ಲೆಲ್ಲ ಹರಡಿತು.

ಈಗ ಮೂರು ವಿಧಾನಗಳು ಬಳಕೆಯಲ್ಲಿವೆ. ಪಿ.ಆರ್.ಕೆ. ವಿಧಾನದಲ್ಲಿ ಕಾರ್ನಿಯಾದ ಮೇಲ್ಪೊರೆಯನ್ನು ಸರಿಸಿ ನೇರವಾಗಿ ಲೇಸರ್ ಹಾಯಿಸುತ್ತಾರೆ. ಮೂರು ನಾಲ್ಕು ದಿನ ಉರಿ, ನೋವು ಇರುತ್ತದೆ. ನೋಟ ತಿಳಿಯಾಗಲು ಕೆಲವು ವಾರಗಳೇ ಬೇಕು. ಲ್ಯಾಸಿಕ್ ವಿಧಾನದಲ್ಲಿ ಪುಸ್ತಕದ ಹಾಳೆಯಂತೆ ತೆಳುವಾದ ಒಂದು ಮುಚ್ಚಳವನ್ನು ಕತ್ತರಿಸಿ ಮಡಿಸಿ, ಕೆಳಗಿನ ಭಾಗಕ್ಕೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಮರುದಿನವೇ ನೋಟ ಚೆನ್ನಾಗಿರುತ್ತದೆ. ಆದರೆ ಆ ಮುಚ್ಚಳ ಮೊದಲಿನ ಗಟ್ಟಿತನಕ್ಕೆ ಎಂದೂ ಬರುವುದಿಲ್ಲ. ಆದಕಾರಣ ಕಬಡ್ಡಿ, ಕುಸ್ತಿ ಆಡುವವರಿಗೆ, ಪೆಟ್ಟು ಬೀಳುವ ಉದ್ಯೋಗದವರಿಗೆ ಪಿ.ಆರ್.ಕೆ.ಯನ್ನೇ ಸೂಚಿಸುವುದುಂಟು. ಸ್ಮೈಲ್ ಎಂಬ ಈಚಿನ ವಿಧಾನದಲ್ಲಿ ಮುಚ್ಚಳವಿಲ್ಲ. ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆಯನ್ನು ಲೇಸರಿನಿಂದ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಸೀಳಿನಿಂದ ಹೊರತೆಗೆಯುತ್ತಾರೆ. ಮೂರರಲ್ಲಿಯೂ ಕಣ್ಣಿಗೆ ಹನಿ ಹಾಕಿ ಮರಗಟ್ಟಿಸುತ್ತಾರೆ, ರೋಗಿ ಎಚ್ಚರದಿಂದಲೇ ಇರುತ್ತಾನೆ.

ಯಾವ ವಿಧಾನ ಶ್ರೇಷ್ಠ ಎಂಬ ಚರ್ಚೆಯಲ್ಲಿ ಮನೆಯವರು ಬಹಳ ಕಾಲ ಕಳೆಯುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದುದು, ಈ ಕಣ್ಣು ಇವುಗಳಲ್ಲಿ ಯಾವುದನ್ನಾದರೂ ತಾಳಬಲ್ಲದೇ ಎಂಬುದು.

ಅರ್ಧ ಮಿಲಿಮೀಟರಿನ ಲೆಕ್ಕ

ಕಾರ್ನಿಯಾದ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಹಲವರ ಕಾರ್ನಿಯಾ 500ರಿಂದ 550 ಮೈಕ್ರಾನ್ ಇರುತ್ತದೆ. ಒಂದು ನಂಬರು ಇಳಿಸಲು ಲೇಸರ್ ಸುಮಾರು 12ರಿಂದ 15 ಮೈಕ್ರಾನ್ ತೆಗೆಯುತ್ತದೆ. ಲ್ಯಾಸಿಕ್ ಆದರೆ ಮುಚ್ಚಳಕ್ಕೆ 100ರಿಂದ 120 ಮೈಕ್ರಾನ್ ಬೇರೆ. ಇವೆಲ್ಲ ಕಳೆದ ಮೇಲೆ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. ಎಚ್ಚರದ ವೈದ್ಯರು 300 ಉಳಿಯಲಿ ಎನ್ನುತ್ತಾರೆ.

ಉದಾಹರಣೆಗೆ, 520 ಮೈಕ್ರಾನ್ ದಪ್ಪದ ಕಣ್ಣು, ಮೈನಸ್ ನಾಲ್ಕು ನಂಬರು ಎಂದುಕೊಳ್ಳೋಣ. ಮುಚ್ಚಳಕ್ಕೆ 110, ಲೇಸರಿಗೆ 60 ಹೋದರೆ 350 ಉಳಿಯುತ್ತದೆ, ಚಿಂತೆಯಿಲ್ಲ. ಇನ್ನೊಂದು ಕಣ್ಣು 480 ಮೈಕ್ರಾನ್, ನಂಬರು ಮೈನಸ್ ಒಂಬತ್ತು. ಮುಚ್ಚಳಕ್ಕೆ 110, ಲೇಸರಿಗೆ 135 ಕಳೆದರೆ ಉಳಿಯುವುದು 235. ಇದು ಸಲ್ಲದು. ಅಕ್ಕನಿಗೆ ಆದದ್ದು ತಂಗಿಗೆ ಏಕಾಗುವುದಿಲ್ಲ ಎಂದು ಕೇಳುವವರಿಗೆ ಈ ಕಳೆಯುವ ಲೆಕ್ಕವೇ ಉತ್ತರ. ತಮ್ಮ ಕಣ್ಣಿನ ಈ ಮೂರು ಸಂಖ್ಯೆಗಳನ್ನು, ಅಂದರೆ ಇರುವ ದಪ್ಪ, ತೆಗೆಯುವ ದಪ್ಪ, ಉಳಿಯುವ ದಪ್ಪ, ಕೇಳಿ ಬರೆದುಕೊಳ್ಳುವುದು ಪ್ರತಿಯೊಬ್ಬರ ಹಕ್ಕು.

ವೈದ್ಯರು ಬೇಡವೆಂದಾಗ

ದಪ್ಪವೊಂದೇ ಸಾಲದು, ಆಕಾರವೂ ಸರಿಯಿರಬೇಕು. ಕೆಲವರ ಕಾರ್ನಿಯಾ ಹದಿಹರೆಯದಲ್ಲಿಯೇ ನಿಧಾನವಾಗಿ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಕೆರಟೋಕೋನಸ್ ಎಂಬ ಈ ವ್ಯಾಧಿಗೂ ಕಣ್ಣುಜ್ಜುವ ಅಭ್ಯಾಸಕ್ಕೂ ನಂಟಿದೆ. ಧೂಳಿನ ಅಲರ್ಜಿಯಿಂದ ಸದಾ ಕಣ್ಣುಜ್ಜುವ ಮಕ್ಕಳನ್ನು ಈ ಕಾರಣಕ್ಕಾಗಿಯೇ ತಡೆಯಬೇಕು, ಅಲರ್ಜಿಗೆ ಔಷಧ ಕೊಡಿಸಬೇಕು. ಆರಂಭದಲ್ಲಿ ಈ ವ್ಯಾಧಿ ಬರಿಯ ನಂಬರಿನಂತೆಯೇ ತೋರುತ್ತದೆ. ಅಂತಹ ಕಣ್ಣಿಗೆ ಲೇಸರ್ ಹಾಯಿಸಿದರೆ ದುರ್ಬಲವಾದುದು ಮತ್ತಷ್ಟು ದುರ್ಬಲವಾಗಿ ಉಬ್ಬಿ, ಕನ್ನಡಕದಿಂದಲೂ ಸರಿಪಡಿಸಲಾಗದ ಮಸುಕು ಉಳಿಯಬಹುದು. ಇದು ವಿರಳ, ಆದರೆ ಘೋರ. ಕಾರ್ನಿಯಾದ ಮುಂದಿನ ಹಿಂದಿನ ಎರಡೂ ಮೈಗಳ ಏರುಪೇರನ್ನು ಬಣ್ಣದ ನಕ್ಷೆಯಾಗಿ ತೋರಿಸುವ ಯಂತ್ರಪರೀಕ್ಷೆಯನ್ನು ಇದಕ್ಕಾಗಿಯೇ ಮಾಡುತ್ತಾರೆ. ಆ ನಕ್ಷೆಯಿಲ್ಲದೆ ದಿನಾಂಕ ನಿಗದಿ ಮಾಡುವ ಕಡೆ ನಿಲ್ಲಬಾರದು.

ಹದಿನೆಂಟು ತುಂಬದವರಿಗೆ ಈ ಚಿಕಿತ್ಸೆ ಸಲ್ಲದು. ಇಪ್ಪತ್ತೊಂದು ದಾಟಲಿ ಎನ್ನುವ ವೈದ್ಯರೂ ಇದ್ದಾರೆ. ಕಳೆದ ಒಂದು ವರ್ಷದಲ್ಲಿ ನಂಬರು ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕಾಯಬೇಕು. ಹತೋಟಿಯಲ್ಲಿಲ್ಲದ ಮಧುಮೇಹ, ಕೀಲುವಾತದಂತಹ ಕೆಲವು ವ್ಯಾಧಿಗಳು, ತೀವ್ರವಾದ ಒಣಕಣ್ಣು ಇದ್ದವರು ಮುಚ್ಚಿಡದೆ ಹೇಳಬೇಕು. ಕಣ್ಣಿನೊಳಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನೇ ತಾತ್ಕಾಲಿಕವಾಗಿ ಬದಲಿಸುವುದರಿಂದ, ಪರೀಕ್ಷೆಗೆ ಮೊದಲು ಮೃದು ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಇನ್ನೂ ಹೆಚ್ಚು ದಿನ ಬಿಟ್ಟಿರಬೇಕು.

ಇಷ್ಟೆಲ್ಲ ನೋಡಿ ವೈದ್ಯರು ಬೇಡವೆಂದರೆ, ಕೆಲವರು ನಿರಾಶೆಯಿಂದ ಒಪ್ಪಿಕೊಳ್ಳುವವರೆಗೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಎರಡನೆಯ ಅಭಿಪ್ರಾಯ ಪಡೆಯುವುದು ತಪ್ಪಲ್ಲ. ಆದರೆ ಬೇಡವೆಂದ ಕಾರಣವನ್ನು ಕೇಳಿ ತಿಳಿದು, ನಕ್ಷೆಯನ್ನೂ ಕೈಯಲ್ಲಿ ಹಿಡಿದು ಹೋಗಬೇಕು. ತಮಗೆ ಬರಬಹುದಾಗಿದ್ದ ಹಣವನ್ನು ಬಿಟ್ಟು ಬೇಡವೆಂದ ವೈದ್ಯರಿಗೆ ನಾವು ಕೃತಜ್ಞರಾಗಿರಬೇಕು. ಲೇಸರ್ ಒಗ್ಗದ ಕೆಲವರಿಗೆ ಕಾರ್ನಿಯಾವನ್ನು ಸವೆಸದೆ ಕಣ್ಣಿನೊಳಗೆ ತೆಳು ಲೆನ್ಸ್ ಇಡುವ ವಿಧಾನವೂ ಉಂಟು. ಅದಕ್ಕೂ ಅದರದೇ ಪರೀಕ್ಷೆಗಳಿವೆ.

ಒಳಿತು ಎಷ್ಟು, ಕಿರಿಕಿರಿ ಎಷ್ಟು?

ಯೋಗ್ಯವಾದ ಕಣ್ಣಿಗೆ ಮಾಡಿದಾಗ ಈ ಚಿಕಿತ್ಸೆ ಬಹುಪಾಲು ಸಫಲವೇ ಆಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಅಲ್ಲಿನ ನೌಕಾಪಡೆ ಮತ್ತು ರಾಷ್ಟ್ರೀಯ ನೇತ್ರ ಸಂಸ್ಥೆಯೊಡನೆ ಸೇರಿ ನಡೆಸಿದ ಅಧ್ಯಯನದಲ್ಲಿ ಲ್ಯಾಸಿಕ್ ಮಾಡಿಸಿಕೊಂಡವರ ಪೈಕಿ ಶೇಕಡ 95ಕ್ಕೂ ಹೆಚ್ಚು ಮಂದಿ ತಮ್ಮ ನೋಟದ ಬಗ್ಗೆ ತೃಪ್ತರಾಗಿದ್ದರು. ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ನೋಡಬೇಕು. ಮೊದಲು ಯಾವ ತೊಂದರೆಯೂ ಇಲ್ಲದವರಲ್ಲಿ ಶೇಕಡ 46ರವರೆಗೆ, ಮೂರು ತಿಂಗಳ ನಂತರ ದೀಪದ ಸುತ್ತ ಬಳೆ ಕಾಣುವುದು, ಬೆಳಕು ಚೆದರುವುದು ಮುಂತಾದ ಒಂದಾದರೂ ಹೊಸ ತೊಂದರೆಯನ್ನು ಹೇಳಿದರು. ಒಣಕಣ್ಣಿಲ್ಲದವರಲ್ಲಿ ಶೇಕಡ 28ರವರೆಗೆ ಒಣಕಣ್ಣಿನ ಲಕ್ಷಣ ಕಂಡಿತು. ದಿನದ ಕೆಲಸಕ್ಕೇ ಬಹಳ ಅಡ್ಡಿಯಾಯಿತೆಂದವರು ಶೇಕಡ ಒಂದಕ್ಕಿಂತ ಕಡಿಮೆ. ತೃಪ್ತಿಯೂ ತೊಂದರೆಯೂ ಒಬ್ಬರಲ್ಲಿಯೇ ಕೂಡಿರಬಹುದೆಂಬುದು ಇದರಿಂದ ತಿಳಿಯುತ್ತದೆ. ರಾತ್ರಿಪಾಳಿ ಮುಗಿಸಿ ಕಾರ್ಡ್ ರಸ್ತೆಯಲ್ಲಿ ವಾಹನ ನಡೆಸಿಕೊಂಡು ಬರುವವರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಈ ಎರಡನ್ನೂ ತಮ್ಮ ಜೀವನಕ್ಕೆ ಹಚ್ಚಿ ಯೋಚಿಸಬೇಕು.

ಇನ್ನೊಂದು ಮಾತು. ಲೇಸರ್ ನಂಬರನ್ನು ತೆಗೆಯುತ್ತದೆಯೇ ಹೊರತು ಉದ್ದವಾದ ಕಣ್ಣನ್ನು ಮೋಟು ಮಾಡುವುದಿಲ್ಲ. ಹೆಚ್ಚು ನಂಬರಿನವರ ಅಕ್ಷಿಪಟಲ ಎಳೆದಂತೆ ತೆಳುವಾಗಿರುತ್ತದೆ, ಹರಿಯುವ ಅಪಾಯ ಚಿಕಿತ್ಸೆಯ ನಂತರವೂ ಇರುತ್ತದೆ. ಕನ್ನಡಕ ಹೋಯಿತೆಂದು ವರ್ಷಕ್ಕೊಮ್ಮೆಯ ಪರೀಕ್ಷೆಯನ್ನು ಬಿಡಬಾರದು.

ನಲವತ್ತು ದಾಟಿದವರೂ ಪೂಜೆಯ ಹೊತ್ತೂ

ನಲವತ್ತರ ಆಸುಪಾಸಿನ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗಿ, ಹತ್ತಿರದ್ದನ್ನು ನೋಡುವ ಶಕ್ತಿ ಎಲ್ಲರಿಗೂ ಕುಂದುತ್ತದೆ. ಅದೇ ಚಾಳೀಸು. ಮೈನಸ್ ಎರಡು ಮೂರು ನಂಬರಿನವರಿಗೆ ಇಲ್ಲೊಂದು ಅನುಕೂಲವಿದೆ. ಅವರು ಕನ್ನಡಕ ತೆಗೆದರೆ ಅರವತ್ತರಲ್ಲಿಯೂ ಸಣ್ಣ ಅಕ್ಷರ ಓದಬಲ್ಲರು. ಅಂಗೈಯಲ್ಲಿ ಪಿಡಿದ ಇಷ್ಟಲಿಂಗವನ್ನು ಬರಿಗಣ್ಣಿನಿಂದ ಸ್ಪಷ್ಟವಾಗಿ ಕಾಣಬಲ್ಲರು. ಲೇಸರಿನಿಂದ ದೂರದ ನೋಟ ಸರಿಯಾದಾಗ ಈ ಅನುಕೂಲ ಹೋಗುತ್ತದೆ. ಬಸ್ಸಿನ ಬೋರ್ಡು ಬರಿಗಣ್ಣಿಗೆ ಕಾಣುತ್ತದೆ, ಆದರೆ ಓದಲಿಕ್ಕೂ ಪೂಜೆಗೂ ಕನ್ನಡಕ ಬೇಕಾಗುತ್ತದೆ. ನಲವತ್ತೈದರಲ್ಲಿ ಹಣ ತೆತ್ತು ಒಂದು ಕನ್ನಡಕದ ಬದಲು ಇನ್ನೊಂದನ್ನು ಪಡೆದೆವಲ್ಲ ಎಂದು ಪರಿತಪಿಸುವುದಕ್ಕಿಂತ ಮೊದಲೇ ಅರಿಯುವುದು ಲೇಸು.

ಚಿಕಿತ್ಸೆಯಲ್ಲಿ ಕಾರ್ನಿಯಾದ ಸೂಕ್ಷ್ಮ ನರಗಳು ಕಡಿಯುವುದರಿಂದ ಕೆಲವು ತಿಂಗಳು ಕಣ್ಣು ಒಣಗುತ್ತದೆ. ಎವೆಯಿಕ್ಕದೆ ನೋಡಿದಷ್ಟೂ ಕಣ್ಣೀರಿನ ಪೊರೆ ಆರುತ್ತದೆ. ಅನಿಮಿಷ ದೃಷ್ಟಿಯಿಂದ ಲಿಂಗವನ್ನು ನೋಡುವ ಅಭ್ಯಾಸವುಳ್ಳವರು ವೈದ್ಯರಿಗೆ ಅದನ್ನು ತಿಳಿಸಿ, ಅವರು ಹೇಳುವವರೆಗೆ ಎವೆಯಾಡಿಸುತ್ತ, ಸ್ವಲ್ಪ ಹೊತ್ತು ಮಾತ್ರ ನೋಡುವುದು ಸೂಕ್ತ. ವಿಭೂತಿಯನ್ನು ಒಣಪುಡಿಯಾಗಿ ಧರಿಸದೆ ನೀರಿನಲ್ಲಿ ಕಲಸಿ ಧರಿಸಿದರೆ ಕಣ್ಣಿಗೆ ಉದುರುವ ಭಯವಿಲ್ಲ. ಧೂಪದ ಹೊಗೆ, ತಲೆಸ್ನಾನ, ಕಾಡಿಗೆ ಇವುಗಳಿಂದ ವೈದ್ಯರು ಹೇಳಿದಷ್ಟು ದಿನ ದೂರವಿರಬೇಕು. ಯಾವ ಕಾರಣಕ್ಕೂ ಕಣ್ಣುಜ್ಜಬಾರದು.

ಮದುವೆಯ ಮಾತು

ನಮ್ಮನ್ನು ನೋಯಿಸುವ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ನಮ್ಮಲ್ಲಿಗೆ ಬರುವವರಲ್ಲಿ ಹಲವರು ಕೇಳುವುದು ಮಗನ ವಿಷಯವನ್ನಲ್ಲ, ಮಗಳ ವಿಷಯವನ್ನು. ವರನ ಕಡೆಯವರು ಕನ್ನಡಕದ ಹುಡುಗಿ ಬೇಡವೆಂದರು ಎಂದೋ, ನಾಳೆ ಅನ್ನಬಹುದೆಂದೋ, ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಸಿಕ್ಕ ತಿಂಗಳಲ್ಲಿ ಕಣ್ಣಿಗೆ ಲೇಸರ್ ಹಾಯಿಸುವ ಯೋಚನೆ. ಕನ್ನಡಕ ಧರಿಸಿದ ವರನನ್ನು ಯಾರೂ ಹಿಂದಕ್ಕೆ ಕಳಿಸಿದ್ದನ್ನು ನಾವು ಕಂಡಿಲ್ಲ. ಈ ಭೇದ ಏಕೆ? ಸ್ತ್ರೀಪುರುಷರಲ್ಲಿ ಮೇಲುಕೀಳೆಣಿಸದ ಶರಣರ ಪರಂಪರೆ ನಮ್ಮದೆಂದು ವೇದಿಕೆಯ ಮೇಲೆ ಹೇಳಿ, ಕನ್ಯೆ ನೋಡಲು ಹೋದಾಗ ಮೂಗಿನ ಮೇಲಿನ ಗಾಜನ್ನು ಎಣಿಸುವುದು ಉಚಿತವೇ?

ವೈದ್ಯಕೀಯವಾಗಿಯೂ ಇದು ತಕ್ಕ ಸಮಯವಲ್ಲ. ಚಿಕಿತ್ಸೆಯ ನಂತರದ ವಾರಗಳಲ್ಲಿ ದಿನಕ್ಕೆ ಹಲವು ಬಾರಿ ಹನಿ ಹಾಕಬೇಕು, ಕಣ್ಣಿಗೆ ಅಲಂಕಾರ ಮಾಡಬಾರದು, ತೀವ್ರವಾದ ದೀಪಗಳು ಕುಕ್ಕುತ್ತವೆ. ಮದುವೆಮನೆಯಲ್ಲಿ ಇವೆಲ್ಲವೂ ಎದುರಾಗುತ್ತವೆ. ಮಗಳೇ ತನ್ನ ಓದಿಗೆ, ಆಟಕ್ಕೆ, ಉದ್ಯೋಗಕ್ಕೆ ಅನುಕೂಲವೆಂದು ಬಯಸಿದರೆ, ಕಣ್ಣೂ ಯೋಗ್ಯವಾಗಿದ್ದರೆ, ತಾಯಿತಂದೆಗಳು ಸಂತೋಷದಿಂದ ಮಾಡಿಸಲಿ. ಆದರೆ ಅವಳಿಗೆ ಬೇಡವೆಂದಿದ್ದರೆ, ಯಾರೋ ಒಪ್ಪಲೆಂದು ಆರೋಗ್ಯವಾದ ಕಣ್ಣಿಗೆ ಶಸ್ತ್ರ ಹಾಯಿಸುವುದು ಧರ್ಮವಲ್ಲ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಕೈ ಅವಳದು. ಮನಸ್ಸೂ ಅವಳದೇ ಆಗಿರಲಿ. ಗಂಡುಮಕ್ಕಳಿಗೂ ಇದೇ ಮಾತು.

ಖರ್ಚು ಮತ್ತು ಕಾಗದಪತ್ರ

ವಿಧಾನಕ್ಕೆ ತಕ್ಕಂತೆ ಖರ್ಚು ಹತ್ತಾರು ಸಾವಿರ ರೂಪಾಯಿಗಳಿಂದ ಲಕ್ಷದಾಚೆಗೂ ಹೋಗುತ್ತದೆ. ಆರೋಗ್ಯ ವಿಮೆಯಿದೆಯೆಂದು ನೆಚ್ಚಬಾರದು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ನಿಯಮಗಳಂತೆ, 7.5 ಡಯಾಪ್ಟರಿಗಿಂತ ಕಡಿಮೆ ನಂಬರಿನ ದೃಷ್ಟಿದೋಷ ಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪನಿಗಳು ಹೊರಗಿಡಬಹುದು. ಸೇನೆ, ಪೊಲೀಸ್, ವಿಮಾನಯಾನ ಸೇರಬಯಸುವ ಯುವಕರು ಆಯಾ ನೇಮಕಾತಿ ನಿಯಮವನ್ನು ಮೊದಲು ಓದಿಕೊಳ್ಳಲಿ. ವಯಸ್ಸು, ವಿಧಾನ, ಚಿಕಿತ್ಸೆಯಾಗಿ ಕಳೆದ ಅವಧಿ ಇವುಗಳ ಬಗ್ಗೆ ಒಂದೊಂದು ಕಡೆ ಒಂದೊಂದು ಷರತ್ತಿರುತ್ತದೆ.

ಚಿಕಿತ್ಸೆಗೆ ಮುಂಚಿನ ನಂಬರು, ಕಾರ್ನಿಯಾದ ಅಳತೆ, ನಕ್ಷೆ ಇವುಗಳ ಪ್ರತಿಯನ್ನು ಮನೆಪತ್ರದಷ್ಟೇ ಜೋಪಾನವಾಗಿ ಇಡಬೇಕು. ಮೂವತ್ತು ನಲವತ್ತು ವರ್ಷಗಳ ನಂತರ ಕಣ್ಣಿಗೆ ಪೊರೆ ಬಂದಾಗ, ಒಳಗೆ ಕೂರಿಸುವ ಲೆನ್ಸಿನ ಲೆಕ್ಕಕ್ಕೆ ಆ ಹಳೆಯ ಅಳತೆ ನೆರವಾಗುತ್ತದೆ.

ನೇತ್ರದಾನಕ್ಕೆ ಅಡ್ಡಿಯೇ?

ಡಾ. ಭುಜಂಗ ಶೆಟ್ಟಿಯವರು 1982ರಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿದೆ. ಅವರು 2023ರ ಮೇ ತಿಂಗಳಲ್ಲಿ ನಿಧನರಾದರು. ಅಲ್ಲಿಯ ನೇತ್ರ ಬ್ಯಾಂಕಿಗೆ ಡಾ. ರಾಜ್‌ಕುಮಾರ್ ಅವರ ಹೆಸರಿದೆ. 2006ರಲ್ಲಿ ಅವರ ಕಣ್ಣುಗಳೂ, 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾದವು. ಪುನೀತರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ಕಸಿ ಮಾಡಿದುದನ್ನು ನಾಡೆಲ್ಲ ಕೇಳಿತು.

ಲೇಸರ್ ಮಾಡಿಸಿಕೊಂಡವರು ನೇತ್ರದಾನ ಮಾಡಬಹುದೇ ಎಂದು ಬಾಂಧವರು ಕೇಳುತ್ತಾರೆ. ಮಾಡಬಹುದು. ಆಕಾರ ಬದಲಾದ ಮುಂದಿನ ಪದರವನ್ನು ಸಾಮಾನ್ಯವಾಗಿ ಕಸಿಗೆ ಬಳಸುವುದಿಲ್ಲ, ಇಡೀ ಕಾರ್ನಿಯಾವನ್ನೂ ಹಾಗೆಯೇ ಕೂರಿಸುವುದಿಲ್ಲ. ಆದರೆ ಹಿಂದಿನ ಪದರ ಆರೋಗ್ಯವಾಗಿದ್ದರೆ ಇನ್ನೊಬ್ಬರ ಕಣ್ಣಿಗೆ ಬೆಳಕಾಗಬಲ್ಲದು. ಮನೆಯವರು ಲೇಸರ್ ಆಗಿರುವ ಸಂಗತಿಯನ್ನು ಕಣ್ಣು ಪಡೆಯಲು ಬಂದವರಿಗೆ ಮರೆಯದೆ ತಿಳಿಸಬೇಕು.

ಕೊನೆಯದಾಗಿ, ನಿರ್ಧಾರ ಮಾಡುವ ಮನೆಯವರಿಗೆ ನಮ್ಮ ಸೂಚನೆ ಇಷ್ಟು. ನಂಬರು ಒಂದು ವರ್ಷ ನಿಂತಿದೆಯೇ ನೋಡಿ. ನಕ್ಷೆ ತೆಗೆಸಿ, ಉಳಿಯುವ ದಪ್ಪ ಎಷ್ಟೆಂದು ಕೇಳಿ. ಪರೀಕ್ಷೆಯಾದ ದಿನವೇ ಮುಂಗಡ ಕಟ್ಟದೆ ಮನೆಗೆ ಬಂದು ಕೆಲವು ದಿನ ಯೋಚಿಸಿ. ಕಣ್ಣು ಯಾರದೋ ಅವರನ್ನು ಪ್ರತ್ಯೇಕವಾಗಿ ಕೂರಿಸಿ, ನಿನಗೆ ಬೇಕೇ ಎಂದು ಕೇಳಿ. ಎಲ್ಲಕ್ಕೂ ಸರಿಯಾದ ಉತ್ತರ ಬಂದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಒಂದಕ್ಕೆ ಬರದಿದ್ದರೂ ಕನ್ನಡಕವನ್ನು ಒರೆಸಿ ಧರಿಸಿಕೊಳ್ಳಿ, ಅದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ.